ಹಳೆಯ ಮೋಟಾರಿನ ಮಂಕುದೀಪ

2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರುಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದವರು ನಮ್ಮಲ್ಲಿ ಇನ್ನೂ ಉಂಟು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿಯಿಂದ ಬಂದ ಈ ಗಾಡಿಯ ಮುಂದೀಪಗಳು ಮಂಕಾದುವೆಂದರೆ ಒಡೆಯನು ಮೊದಲು ಶಂಕಿಸುವುದು ಬ್ಯಾಟರಿಯನ್ನು. ಹೊಸ ಬ್ಯಾಟರಿ ಬರುವುದು, ಬಲ್ಬು ಬದಲಾಗುವುದು, ಡೈನಮೋ ಬಿಚ್ಚಿ ಹರಡಿಕೊಳ್ಳುವುದು. ದೀಪ ಮಾತ್ರ ಮೊದಲಿನಂತೆಯೇ ಇರುವುದು. ಇಂಥಲ್ಲಿ ದೋಷವನ್ನು ಹಿಡಿಯಲು ಓಮನ ನಿಯಮವೊಂದೇ ಸಾಕು.

ಮನೆಯ ದೀಪಕ್ಕೆ ಎರಡು ತಂತಿಗಳು; ಹಳೆಯ ಮೋಟಾರಿನ ದೀಪಕ್ಕೆ ಸಾಮಾನ್ಯವಾಗಿ ಒಂದೇ. ತಂತಿಯ ಮೂಲಕ ದೀಪವನ್ನು ಸೇರಿದ ಪ್ರವಾಹವು ಗಾಡಿಯ ಉಕ್ಕಿನ ಮೈಯಲ್ಲಿಯೇ ಹರಿದು ಬ್ಯಾಟರಿಗೆ ಮರಳುತ್ತದೆ. ಈ ಮರಳುದಾರಿಗೆ ಗ್ಯಾರೇಜಿನವರು 'ಅರ್ತ್' ಎನ್ನುವರು. ರಬ್ಬರು ಚಕ್ರಗಳ ಮೇಲೆ ನಿಂತ ಗಾಡಿಗೂ ಭೂಮಿಗೂ ಇಲ್ಲಿ ಯಾವ ವಿದ್ಯುತ್ಸಂಬಂಧವೂ ಇಲ್ಲ. ಹೆಸರು ಮಾತ್ರ ಉಳಿದುಕೊಂಡಿದೆ. ದೀಪದ ಬುಡ ಮೈಗೆ ಕೂಡುವ ಬೋಲ್ಟಿನಲ್ಲಿ ಮಳೆನೀರು ನಿಂತು ತುಕ್ಕು ಹಿಡಿದರೆ ಅಲ್ಲೊಂದು ರೋಧ ಹುಟ್ಟಿಕೊಳ್ಳುತ್ತದೆ.

12 ವೋಲ್ಟಿನಲ್ಲಿ 48 ವಾಟ್ ವ್ಯಯಿಸುವ ದೀಪವೊಂದನ್ನು ತೆಗೆದುಕೊಳ್ಳೋಣ. ಅದರ ಪ್ರವಾಹ 4 ಆಂಪಿಯರ್, ರೋಧ 3 ಓಮ್. ತುಕ್ಕಿನ ರೋಧ 1 ಓಮ್ ಎಂದಿರಲಿ. ತಂತುವಿನ ರೋಧ ಬದಲಾಗದೆಂದು ಭಾವಿಸಿದರೆ ಪ್ರವಾಹ 3 ಆಂಪಿಯರಿಗೆ ಇಳಿದು, ದೀಪಕ್ಕೆ 9 ವೋಲ್ಟ್ ಮಾತ್ರ ಉಳಿಯುತ್ತದೆ. ಸಾಮರ್ಥ್ಯ 27 ವಾಟ್. ಬೆಳಕಂತೂ ಇದಕ್ಕಿಂತಲೂ ಹೆಚ್ಚಾಗಿ ಕುಗ್ಗುವುದು, ಏಕೆಂದರೆ ತಂತುವಿನ ಉಷ್ಣತೆಯೂ ತಗ್ಗಿರುತ್ತದೆ.

ಈಗ ಬಲ್ಬನ್ನು ಕಳಚಿ, ಅದರ ಗೂಡಿನಲ್ಲಿ ವೋಲ್ಟ್‌ಮಾಪಕವನ್ನಿಟ್ಟು ನೋಡಿದರೆ ಏನು ಕಾಣುವುದು? ಪೂರ್ತಿ 12 ವೋಲ್ಟ್! ಇಂದಿನ ಅಂಕಿಮಾಪಕಗಳ ಒಳರೋಧ ಸುಮಾರು ಒಂದು ಕೋಟಿ ಓಮ್. ಅದರ ಮುಂದೆ ಒಂದು ಓಮಿನ ತುಕ್ಕು ಎಷ್ಟರದು? ಪ್ರವಾಹವೇ ಇಲ್ಲದಿರುವಾಗ ತುಕ್ಕಿನಲ್ಲಿ ವೋಲ್ಟು ಕಳೆಯುವುದೂ ಇಲ್ಲ. ಆದುದರಿಂದ ದೀಪವನ್ನು ಉರಿಸಿಯೇ ಅಳೆಯಬೇಕು. ಮಾಪಕದ ಒಂದು ಮೊನೆ ಬ್ಯಾಟರಿಯ ಅರ್ತ್ ಧ್ರುವದ ಮೇಲೆ, ಇನ್ನೊಂದು ದೀಪದ ಲೋಹದ ಬುಡದ ಮೇಲೆ. ದಾರಿ ಶುದ್ಧವಾಗಿದ್ದರೆ ಮಾಪಕ ಹೆಚ್ಚುಕಡಿಮೆ ಸೊನ್ನೆ ತೋರಬೇಕು. ನಮ್ಮ ಉದಾಹರಣೆಯಲ್ಲಿ ಅದು 3 ತೋರುವುದು. ಎರಡನೆಯ ಮೊನೆಯನ್ನು ಒಂದೊಂದೇ ಕೂಡಿಕೆ ದಾಟಿಸುತ್ತ ಬ್ಯಾಟರಿಯ ಕಡೆಗೆ ತಂದರೆ, ಅಂಕಿ ಥಟ್ಟನೆ ಬೀಳುವಲ್ಲಿ ತುಕ್ಕು ಸಿಕ್ಕುತ್ತದೆ. ನೂರು ಆಂಪಿಯರಿಗೂ ಮಿಕ್ಕು ಎಳೆಯುವ ಸೆಲ್ಫ್ ಮೋಟಾರಿನ ದಾರಿಯಲ್ಲಾದರೆ ಓಮಿನ ನೂರನೆಯ ಒಂದು ಪಾಲೂ ಒಂದು ವೋಲ್ಟನ್ನು ನುಂಗಿಬಿಡುವುದು.

ಹಿಂದೀಪದಲ್ಲಿ ಇದೇ ದೋಷ ವಿಚಿತ್ರವಾಗಿಯೂ ಅಪಾಯಕಾರಿಯಾಗಿಯೂ ಕಾಣಿಸಿಕೊಳ್ಳುತ್ತದೆ. ಅನೇಕ ಹಳೆಯ ಕಾರುಗಳಲ್ಲಿ 5 ವಾಟಿನ ಹಿಂದೀಪ, 21 ವಾಟಿನ ಬ್ರೇಕುದೀಪ ಎರಡೂ ಒಂದೇ ಬಲ್ಬಿನ ಎರಡು ತಂತುಗಳು. ಎರಡಕ್ಕೂ ಅರ್ತ್ ಒಂದೇ. ಒಂದು ಬದಿಯಲ್ಲಿ ಅದು ಕಡಿದುಹೋಯಿತೆನ್ನೋಣ. ರಾತ್ರಿ ದೀಪ ಹಾಕಿದಾಗ 5 ವಾಟಿನ ತಂತುವನ್ನು ದಾಟಿದ ಪ್ರವಾಹವು ದಾರಿ ಕಾಣದೆ 21 ವಾಟಿನ ತಂತುವಿಗೆ ನುಗ್ಗಿ, ಬ್ರೇಕಿನ ತಂತಿಯಲ್ಲಿ ಹಿಮ್ಮುಖವಾಗಿ ಹರಿದು, ಆಚೆ ಬದಿಯ ಬ್ರೇಕುದೀಪದ ಮೂಲಕ ಮೈಯನ್ನು ಸೇರುತ್ತದೆ. ಸಾಲಿನಲ್ಲಿ ಹೆಚ್ಚು ರೋಧವಿರುವುದು ಸಣ್ಣ ತಂತುವಿಗೇ. ಆದುದರಿಂದ ಅದೊಂದೇ ಉರಿಯುವುದು. ಚಾಲಕನು ಬ್ರೇಕು ಒತ್ತಿದೊಡನೆ ಬ್ರೇಕಿನ ತಂತಿಗೂ 12 ವೋಲ್ಟು ಬರುತ್ತದೆ. ಎರಡು ತುದಿಗಳೂ ಸಮವಿಭವಕ್ಕೆ ಬಂದು ಆ ಬದಿಯ ದೀಪ ಆರಿಯೇಹೋಗುತ್ತದೆ! ಹಿಂದೆ ಬರುವ ಲಾರಿಯವನಿಗೆ ಕೆಂಪು ಹೆಚ್ಚಾಗಬೇಕಾದ ಗಳಿಗೆಯಲ್ಲಿ ಅಲ್ಲಿ ಕತ್ತಲೆ.

ಪರಿಹಾರ ಅಗ್ಗವಾದುದು. ಬ್ಯಾಟರಿಯ ತಂತಿ ಕಳಚಿ, ಬೋಲ್ಟು ಬಿಚ್ಚಿ, ಲೋಹ ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿ, ಬಿಗಿಯಾಗಿ ಕೂಡಿಸಿ, ಮೇಲೆ ವ್ಯಾಸಲೀನು ಸವರಿದರಾಯಿತು. ಪದೇ ಪದೇ ಫ್ಯೂಸು ಸುಡುತ್ತಿದ್ದರೆ ಮಾತ್ರ ಅದು ಬೇರೆ ಜಾತಿಯ ದೋಷ: ಅಲ್ಲಿ ರೋಧ ಕಡಿಮೆಯಾಗಿ ಪ್ರವಾಹ ಮಿತಿಮೀರಿದೆ. ಅದಕ್ಕೆ ಸಿಗರೇಟು ಪೆಟ್ಟಿಗೆಯ ಬೇಗಡೆ ಸುತ್ತುವವರನ್ನು ಗಾಡಿಯ ಹತ್ತಿರ ಬಿಡಬಾರದು. ಫ್ಯೂಸಿನ ಬದಲು ತಂತಿಯ ಹೊದಿಕೆಯೇ ಹೊತ್ತಿಕೊಳ್ಳುವುದು.