ನೀರು ಕಲಿಸಿದ ದಾರಿ

‘ಕೆಲ್ಸ ಇಲ್ಲ ಕಾರ್ಯ ಇಲ್ಲ, ಗುಡ್ಡ ಅಗೀತಾವ್ರೆ!’

ಯಗಟಿ ಕಡೆ ಟಿವಿಎಸ್ ಮೇಲೆ ಹೋಗುತ್ತಿದ್ದ ಹಿರಿಯರೊಬ್ಬರು ಗಾಡಿ ನಿಧಾನ ಮಾಡಿ ಹೀಗಂದಾಗ ನಾವು ನಾಲ್ವರೂ ನಕ್ಕುಬಿಟ್ಟೆವು. ನಗದೆ ಇನ್ನೇನು ಮಾಡೋದು? ಅವರು ಹೇಳಿದ್ದು ಸುಳ್ಳೇನಲ್ಲವಲ್ಲ. ನಾನು ಬಿ.ಕಾಂ. ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳನ್ನು ಬರೆಯುತ್ತಾ ಕೂತವನು. ಎರಡು ಸಲ ಬರೆದೆ, ಎರಡು ಸಲವೂ ಕಟ್‌ಆಫ್‌ನ ಈಚೆಗೇ ಉಳಿದೆ. ಇನ್ನೊಬ್ಬ ಡಿಪ್ಲೊಮಾ ಮಾಡಿ ಬೆಂಗಳೂರಿನ ಕಂಪನಿಯ ಕರೆಗೆ ಕಾಯುತ್ತಿದ್ದ. ಮೂರನೆಯವನಿಗೆ ಬೀರೂರಿನ ಗ್ಯಾರೇಜಿನಲ್ಲಿ ಕೆಲಸ, ಭಾನುವಾರ ಮಾತ್ರ ರಜೆ. ನಾಲ್ಕನೆಯವನು ನನ್ನ ದೊಡ್ಡಪ್ಪನ ಮಗ. ಗುಡ್ಡ ಅವರದ್ದೇ.

ಸೈಕಲ್ ಹುಚ್ಚು ಹತ್ತಿದ್ದು ಎಂಟನೇ ಕ್ಲಾಸಿನಲ್ಲಿ. 2006–07ರಲ್ಲಿ ಶುರುವಾದ ಸರ್ಕಾರದ ಉಚಿತ ಸೈಕಲ್ ಯೋಜನೆ ಗೊತ್ತಲ್ಲ, ಅದರಲ್ಲಿ ನಮಗೂ ಒಂದೊಂದು ಸಿಕ್ಕಿತ್ತು. ಸ್ಕೂಲಿಗೆ ಹೋಗಲೆಂದು ಕೊಟ್ಟ ಸೈಕಲನ್ನು ಕೆರೆ ಏರಿಯಿಂದ ಕೆಳಕ್ಕೆ ಇಳಿಸುವುದೇ ನಮಗೆ ಸ್ಕೂಲಾಗಿತ್ತು! ಆಮೇಲೆ ಮೊಬೈಲಿನಲ್ಲಿ ಮೌಂಟನ್ ಬೈಕಿಂಗ್ ವಿಡಿಯೊಗಳು ಸಿಕ್ಕವು. ಕ್ಯಾಲಿಫೋರ್ನಿಯಾದ ಮರಿನ್ ಎಂಬಲ್ಲಿ 1970ರ ದಶಕದಲ್ಲಿ ಒಂದಷ್ಟು ಹುಡುಗರು ಹಳೇ ದಪ್ಪ ಟೈರಿನ ಸೈಕಲ್‌ಗಳನ್ನು ಗುಡ್ಡದಿಂದ ಇಳಿಸಿ ಶುರು ಮಾಡಿದ ಆಟ, 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಪದಕದ ಕ್ರೀಡೆಯೇ ಆಗಿಬಿಟ್ಟಿತ್ತು. ಹಳೇ ಸೈಕಲ್ ವಿಷಯದಲ್ಲಿ ನಾವೂ ಅವರಿಗೆ ಸರಿಸಮ ಅಂದುಕೊಂಡೆವು. 2022ರಲ್ಲಿ ನಮ್ಮ ಗದಗದಲ್ಲೇ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ನಡೆದಾಗಲಂತೂ ಒಂದು ವಾರ ನಮಗೆ ಬೇರೆ ಮಾತೇ ಇರಲಿಲ್ಲ.

ಈ ಆಟದ ಜೀವ ಇರೋದು ಸಿಂಗಲ್‌ಟ್ರ್ಯಾಕ್‌ನಲ್ಲಿ. ಹಾಗಂದರೆ ಒಂದೇ ಸೈಕಲ್ ಹಿಡಿಯುವಷ್ಟು ಅಗಲದ ಕಿರುದಾರಿ. ಪಕ್ಕದಲ್ಲಿ ಹರಟುತ್ತಾ ಹೋಗುವಂತಿಲ್ಲ, ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಎಲ್ಲಿ ಮಾಡೋದು? ಮೊದಲು ನೆನಪಾದದ್ದು ಬಾಸೂರು ಕಾವಲು. ಕಣ್ಣು ಹಾಯುವಷ್ಟು ದೂರ ಹುಲ್ಲುಗಾವಲು! ಒಂದು ಬೆಳಿಗ್ಗೆ ಹೋಗಿ ರಸ್ತೆ ಬದಿಯಲ್ಲಿ ನಿಂತೆವು. ಕೃಷ್ಣಮೃಗಗಳ ಗುಂಪೊಂದು ನಮ್ಮ ಸೈಕಲ್ ಸ್ಟ್ಯಾಂಡಿನ ಸದ್ದಿಗೇ ಬೆದರಿ ನೆಗೆಯುತ್ತಾ ಓಡಿತು. ಅಮೃತಮಹಲ್ ದನಗಳಿಗೆಂದು ಉಳಿಸಿಕೊಂಡು ಬಂದ ಆ ಕಾವಲು 2011ರಿಂದ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಪ್ರದೇಶವೂ ಹೌದು. ಸ್ಟ್ಯಾಂಡ್ ಸದ್ದಿಗೇ ಹೀಗಾದರೆ ಗುದ್ದಲಿ ಹಿಡಿದು ಒಳಗೆ ಹೋದರೆ ಏನು ಕಥೆ? ಅಲ್ಲಿಂದಲೇ ವಾಪಸ್ ಬಂದೆವು.

ಉಳಿದದ್ದು ದೊಡ್ಡಪ್ಪನ ಜಮೀನು. ಮೂರು ಎಕರೆ ಇಳಿಜಾರು, ಕೆಮ್ಮಣ್ಣು, ಜಲ್ಲಿಕಲ್ಲು, ಬಂದರಿಕೆ ಗಿಡ. ಕೆಳಗಿನ ಅರ್ಧದಲ್ಲಿ ಒಂದು ಕಾಲಕ್ಕೆ ತೆಂಗಿನ ತೋಟವಿತ್ತು. 2016ರಿಂದ ಬೆನ್ನುಬೆನ್ನಿಗೆ ಬಂದ ಬರ ನಮ್ಮ ಕಡೂರು ಸೀಮೆಯ ತೆಂಗನ್ನು ಹೇಗೆ ತಿಂದಿತೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಎರಡು ಬೋರ್‌ವೆಲ್ ಬತ್ತಿದವು, ಸುಳಿ ಒಣಗಿ ಒಂದೊಂದೇ ಮರ ಬೋಳಾಯಿತು. ದೊಡ್ಡಪ್ಪ ಆಮೇಲೆ ಆ ಕಡೆ ಹೋಗುವುದನ್ನೇ ಬಿಟ್ಟಿದ್ದರು. ನಾವು ಹೆದರುತ್ತಲೇ ಕೇಳಿದಾಗ ಅವರು ಹೇಳಿದ್ದು ಇಷ್ಟೇ:

‘ಮಾಡ್ಕಳಿ. ಮಣ್ಣು ಮಾತ್ರ ಕೊಚ್ಕಂಡ್ ಹೋಗ್ಬಾರ್ದು.’

ಆ ಮಾತನ್ನು ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಗುಡ್ಡದ ನೆತ್ತಿಯಿಂದ ಬುಡಕ್ಕೆ ನೆಟ್ಟಗೆ ದಾರಿ ಕಡಿದೆವು. ನಾಲ್ಕು ದಿನದ ಕೆಲಸ, ಕೈತುಂಬ ಬೊಬ್ಬೆ. ಐದನೇ ದಿನ ಸಂಜೆ ಅರ್ಧ ಗಂಟೆ ಮುಂಗಾರುಪೂರ್ವ ಮಳೆ ಹೊಡೆಯಿತು. ಬೆಳಿಗ್ಗೆ ಹೋಗಿ ನೋಡಿದರೆ ದಾರಿಯೇ ಕಾಲುವೆ! ಮಧ್ಯದಲ್ಲಿ ಮೊಣಕೈ ಆಳದ ಕೊರಕಲು. ಅದರ ಮಣ್ಣೆಲ್ಲ ಕೆಳಗಿನ ಬದು ಹಾರಿ ಪಕ್ಕದವರ ಉತ್ತ ಹೊಲಕ್ಕೆ ಹೋಗಿ ಕೂತಿತ್ತು. ಮಳೆ ಕಾಣದ ಊರಿನವರು ನಾವು. ಬಂದ ಒಂದು ಮಳೆಯ ನೀರನ್ನೂ ಮಣ್ಣನ್ನೂ ಒಟ್ಟಿಗೆ ಕಳುಹಿಸಿಕೊಟ್ಟಿದ್ದೆವು. ದೊಡ್ಡಪ್ಪ ಬಂದು ನೋಡಿದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಏನೂ ಹೇಳದೆ ಹೊರಟುಹೋದರು. ಪಕ್ಕದ ಹೊಲದವರ ಹತ್ತಿರ ಹೋಗಿ ಕ್ಷಮೆ ಕೇಳಿದ್ದೂ ಅವರೇ ಎಂದು ಆಮೇಲೆ ಗೊತ್ತಾಯಿತು.

ಮಾರನೇ ದಿನ ಬೆಳಿಗ್ಗೆ ಆರಕ್ಕೆ ನಾವು ಹೋಗುವಷ್ಟರಲ್ಲಿ ದೊಡ್ಡಪ್ಪ ಗುಡ್ಡದ ಮೇಲೆ ಕೂತಿದ್ದರು. ಪಕ್ಕದಲ್ಲಿ ಮೂರು ಕೋಲು, ಒಂದು ದಾರ, ಒಂದು ಕಲ್ಲು. ಎರಡು ಸಮ ಕೋಲುಗಳ ತುದಿ ಸೇರಿಸಿ ಕಟ್ಟಿ, ನಡುವೆ ಅಡ್ಡಕೋಲು ಬಿಗಿದು, ಮೇಲಿನಿಂದ ಕಲ್ಲು ಕಟ್ಟಿದ ದಾರ ಇಳಿಬಿಟ್ಟರು. ಇಂಗ್ಲಿಷಿನ ‘ಎ’ ಅಕ್ಷರದ ಹಾಗೆ. ದಾರ ಅಡ್ಡಕೋಲಿನ ನಡುಗುರುತಿಗೆ ಬಂದರೆ ಎರಡು ಕಾಲೂ ಒಂದೇ ಮಟ್ಟದಲ್ಲಿವೆ ಎಂದರ್ಥ. ಹೀಗೆ ಹೆಜ್ಜೆ ಹೆಜ್ಜೆ ಸರಿಸುತ್ತಾ ಹೋದರೆ ಗುಡ್ಡದ ಸಮಪಾತಳಿ ಗೆರೆ ಸಿಗುತ್ತದೆ. ಹೊಲಕ್ಕೆ ಬದು ಹಾಕುವಾಗ ಅವರು ಹಿಡಿಯುತ್ತಿದ್ದ ಗೆರೆ ಅದೇ. ‘ನೀರಿಗೆ ಓಡೋಕ್ ಬಿಡ್ಬಾರ್ದು, ನಡ್ಸ್‌ಬೇಕು’ ಎಂದರು.

ರಾತ್ರಿ ಮೊಬೈಲ್ ತೆರೆದು ಹುಡುಕಿದರೆ ನನಗೇ ಆಶ್ಚರ್ಯ. ಅಂತರರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಸಂಘದವರ ಸೂತ್ರವೂ ಹೆಚ್ಚುಕಡಿಮೆ ಅದೇ! ದಾರಿ ಗುಡ್ಡದ ಅಡ್ಡಕ್ಕೆ ಹೋಗಬೇಕು. ಗುಡ್ಡದ ಇಳಿಜಾರು ಎಷ್ಟಿದೆಯೋ ಅದರ ಅರ್ಧಕ್ಕಿಂತ ದಾರಿಯ ಇಳಿಜಾರು ಹೆಚ್ಚಿರಬಾರದು. ಒಟ್ಟಾರೆ ಸರಾಸರಿ ಹತ್ತು ಅಡಿಗೆ ಒಂದು ಅಡಿ ಇಳಿದರೆ ಸಾಕು. ದಾರಿಯ ಹೊರ ಅಂಚು ಒಳ ಅಂಚಿಗಿಂತ ಸ್ವಲ್ಪ ತಗ್ಗಿರಬೇಕು, ಆಗ ನೀರು ದಾರಿಯುದ್ದಕ್ಕೂ ಹರಿಯದೆ ಅಡ್ಡ ದಾಟಿಹೋಗುತ್ತದೆ. ಅಲ್ಲಲ್ಲಿ ದಾರಿ ಕೆಳಗಿಳಿದು ಮತ್ತೆ ಕೊಂಚ ಮೇಲೇರಬೇಕು. ಸವಾರನಿಗೆ ಅದು ಅಲೆಯ ಮೇಲೆ ತೇಲಿದಂಥ ಮಜಾ, ನೀರಿಗೆ ಹೊರಹೋಗುವ ಬಾಗಿಲು. ಎಸ್ಸೆಸ್ಸೆಲ್ಸಿ ದಾಟದ ದೊಡ್ಡಪ್ಪನಿಗೆ ಇದನ್ನು ಓದಿ ಹೇಳಿದೆ. ‘ಅವ್ರಿಗೂ ಯಾರೋ ಮುದುಕ ಹೇಳ್ಕೊಟ್ಟಿರ್ಬೇಕು’ ಅಂದರು.

ಮೊದಲು ಕೊರಕಲಿಗೆ ಕಲ್ಲು ಪೇರಿಸಿ, ಮಣ್ಣು ಹೊತ್ತು ತಂದು ಮುಚ್ಚಿದೆವು. ಅದಕ್ಕೇ ಒಂದು ವಾರ ಹಿಡಿಯಿತು. ಹೊಸ ದಾರಿಗೆ ಮತ್ತೆ ಮೂರು ವಾರ. ಒಟ್ಟು ಉದ್ದ ಸುಮಾರು 700 ಮೀಟರ್, ಐದು ತಿರುವು, ಒಂಬತ್ತು ತಗ್ಗು. ಒಂದು ಕಿಲೋಮೀಟರೂ ಇಲ್ಲವಾ ಎಂದು ನಗಬೇಡಿ. ಗುದ್ದಲಿ ಹಿಡಿದು ನೋಡಿ, ಆಮೇಲೆ ಮಾತಾಡೋಣ.

ಮೊದಲ ಸವಾರಿಯ ಭಾನುವಾರ ಟಾಸ್ ಗೆದ್ದವನು ಗ್ಯಾರೇಜಿನ ಗೆಳೆಯ. ಅವನದ್ದು ಇನ್ನೂ ಅದೇ ಎಂಟನೇ ಕ್ಲಾಸಿನ ಸೈಕಲ್. ಹ್ಯಾಂಡಲ್, ಟೈರು ಬದಲಾಗಿವೆ, ಪಾಪ, ಚೌಕಟ್ಟು ಮಾತ್ರ ಹಳೆಯದು. ಊರಿಗೆಲ್ಲ ಬ್ರೇಕ್ ರಿಪೇರಿ ಮಾಡುವವನು ತನ್ನ ಸವೆದ ಬ್ರೇಕ್ ರಬ್ಬರ್ ಬದಲಿಸಲು ಮರೆತಿದ್ದ. ಮೂರನೇ ತಿರುವಿನಲ್ಲಿ ನೇರ ಬಂದರಿಕೆ ಪೊದೆಯೊಳಗೆ! ಎದ್ದು ಬಂದವನ ಮೈಗೆ ನಾಲ್ಕು ಗೀರು, ಮುಖದಲ್ಲಿ ಮಾತ್ರ ಎಂಟು ವರ್ಷದ ಹುಡುಗನ ನಗು. ನನ್ನ ಸರದಿ ಬಂದಾಗ ನೆತ್ತಿಯಲ್ಲಿ ಒಂದು ಕ್ಷಣ ನಿಂತೆ. ಪಶ್ಚಿಮಕ್ಕೆ ಬಾಬಾಬುಡನ್ ಸಾಲು ಮೋಡ ಹೊದ್ದು ಮಲಗಿತ್ತು. ಅಲ್ಲಿ ಸುರಿಯುವ ಮಳೆ ಇಲ್ಲಿಗೆ ಬರುವಷ್ಟರಲ್ಲಿ ಬರೀ ಗಾಳಿ. ಬ್ರೇಕ್ ಬಿಟ್ಟೆ. ಬೋಳು ತೆಂಗಿನ ಮರಗಳ ನಡುವೆ ದಾರಿ ಎಡಕ್ಕೆ, ಬಲಕ್ಕೆ ಹೊರಳುತ್ತಾ ತಾನೇ ನನ್ನನ್ನು ಒಯ್ಯುತ್ತಿತ್ತು. ಆ ಎರಡು ನಿಮಿಷ ನನಗೆ ಕಟ್‌ಆಫ್ ನೆನಪಾಗಲಿಲ್ಲ. ಬುಡಕ್ಕೆ ಬಂದಾಗ ಹಿಂದಿನ ಚಕ್ರ ಪಂಕ್ಚರ್, ಜಾಲಿಮುಳ್ಳು. ಆ ವಾರದಲ್ಲಿ ಒಟ್ಟು ಹನ್ನೊಂದು ಪಂಕ್ಚರ್ ಹಾಕಿದೆವು.

ಜೂನ್‌ನಲ್ಲಿ ಮತ್ತೊಂದು ಒಳ್ಳೇ ಮಳೆ ಬಂತು. ಎದೆ ಡವಡವ ಎನ್ನುತ್ತಲೇ ಓಡಿದೆವು. ದಾರಿ ಇದ್ದಲ್ಲೇ ಇತ್ತು. ಪ್ರತಿ ತಗ್ಗಿನ ಹೊರಗಡೆ ಒದ್ದೆ ಮಣ್ಣಿನ ಬೀಸಣಿಗೆಯಂಥ ಗುರುತು. ಅದರಲ್ಲಿ ಚಪ್ಪಲಿಯ ಹೆಜ್ಜೆಗಳೂ ಇದ್ದವು. ನಮಗಿಂತ ಮೊದಲೇ ಯಾರೋ ಬಂದು ಹೋಗಿದ್ದರು. ಎರಡು ದಿನ ಬಿಟ್ಟು ಹೋದರೆ ಆ ಒಂಬತ್ತೂ ಕಡೆ ಒಂದೊಂದು ಗುಂಡಿ, ಗುಂಡಿಯಲ್ಲಿ ಒಂದೊಂದು ಸಸಿ. ಹೊಂಗೆ, ಹುಣಸೆ, ಸೀತಾಫಲ. ಸುತ್ತಲೂ ಜಾಲಿಮುಳ್ಳಿನ ಬೇಲಿ. ನಮ್ಮ ಟ್ಯೂಬುಗಳ ಪಾಲಿನ ಶನಿ! ತೆಂಗು ಹೋದಮೇಲೆ ದೊಡ್ಡಪ್ಪ ಆ ನೆಲದಲ್ಲಿ ಏನನ್ನಾದರೂ ನೆಟ್ಟಿದ್ದು ಅದೇ ಮೊದಲು. ಏನು ಎತ್ತ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಂಜೆ ಸೈಕಲ್ ತುಳಿದು ಬರುವಾಗ ಆಳಿಗೊಂದು ಬಾಟಲಿ ನೀರು ಒಯ್ಯುವುದು ಮಾತ್ರ ರೂಢಿಯಾಯಿತು.

ಡಿಪ್ಲೊಮಾ ಗೆಳೆಯನಿಗೆ ಕಳೆದ ತಿಂಗಳು ಕರೆ ಬಂತು. ಕಡೂರು ಸ್ಟೇಷನ್ನಿನಲ್ಲಿ ಬೆಂಗಳೂರು ರೈಲು ಹತ್ತಿಸಿ ಬಂದೆವು. ಅವನ ಸೈಕಲ್ ಈಗ ನಮ್ಮ ಹಜಾರದಲ್ಲಿದೆ, ಟೈರಿಗೆ ಗಾಳಿ ಹಾಕಿಡಬೇಕಂತೆ. ನಾನು ಮೂರನೇ ಸಲಕ್ಕೆ ಅರ್ಜಿ ಹಾಕಿದ್ದೇನೆ. ಇವತ್ತು ಬೆಳಿಗ್ಗೆ ಸಾಮಾನ್ಯ ಜ್ಞಾನದ ಪುಸ್ತಕ ತೆರೆದಿದ್ದೆ, ದೊಡ್ಡಪ್ಪನ ಫೋನು ಬಂತು.

‘ರಾತ್ರಿ ಮಳೆ ಬಂತಲ್ಲ, ಆರನೇ ತಗ್ಗಲ್ಲಿ ಎಲೆ ಕಟ್ಕಂಡಿದೆ. ಗುದ್ಲಿ ತಗಂಡ್ ಬಾ.’