ಉಮ್ಮನ ಗುಳಿಗೆ ಬರೆಯೋದು ಯಾರು?

"ಉಮ್ಮನಿಗೆ ತಿಂಗಳಿಂದ ನಿದ್ದೆಯಿಲ್ಲ. ಸೈಕಾಲಜಿಸ್ಟ್ ಹತ್ರ ಕರ್ಕೊಂಡು ಹೋದ್ರೆ ಮಾತಾಡಿಸಿ ಕಳಿಸಿದ್ರು, ಒಂದು ಗುಳಿಗೆನೂ ಬರೀಲಿಲ್ಲ." ಶಿಕಾರಿಪುರ, ಸೊರಬದ ಯಾವ ಮನೆಯಲ್ಲಾದರೂ ಈ ಬೇಸರ ಬರಬಹುದು.

ಅವರು ಬರೆಯುವಂತಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೋ 2002ರಲ್ಲಿ, ಲೂಸಿಯಾನಾ 2004ರಲ್ಲಿ ಹೆಚ್ಚಿನ ತರಬೇತಿ ಪಡೆದ ಸೈಕಾಲಜಿಸ್ಟರಿಗೆ ಆ ಪರವಾನಗಿಯ ಕಾನೂನು ಮಾಡಿದವು. ನಮ್ಮಲ್ಲಿ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 106ನೇ ಕಲಂ ಪ್ರಕಾರ ತಮ್ಮ ವೃತ್ತಿಗೆ ಮೀರಿದ ಔಷಧ ಸೂಚಿಸಬಾರದು. ಸೈಕಾಲಜಿಸ್ಟ್ ಕೊಡೋದು ಮಾತಿನ ಚಿಕಿತ್ಸೆ, ಅದೂ ಚಿಕಿತ್ಸೆಯೇ. ಗುಳಿಗೆಗೆ ಮನೋವೈದ್ಯರನ್ನು ಕಾಣಬೇಕು.

'ಮನೋಚೈತನ್ಯ' ಯೋಜನೆಯಡಿ ಮಂಗಳವಾರ ಮನೋವೈದ್ಯರನ್ನು ತಾಲೂಕು ಆಸ್ಪತ್ರೆಗೇ ಕರೆತರುವ ಏರ್ಪಾಡಿದೆ, ವಿಚಾರಿಸಿ ಹೋಗಿ. 'ಟೆಲಿ ಮಾನಸ್' 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ಪಕ್ಕದ ಮನೆಯವರ ನಿದ್ದೆ ಗುಳಿಗೆ ಮಾತ್ರ ಉಮ್ಮನಿಗೆ ಕೊಡಬೇಡಿ; ವೈದ್ಯರು ಬರೆದದ್ದನ್ನು ಹುಷಾರಾಯ್ತು ಅಂತ ನೀವೇ ನಿಲ್ಲಿಸಲೂ ಬೇಡಿ.