ಗುಂಡಿ ಯಾವ ಕಡೆ? ಹೆಂಗಸರ ಬಟ್ಟೆಯನ್ನು ಕಸ್ಟಮ್ಸ್ ಗುರುತಿಸುವ ಬಗೆ

ಬೆಳ್ತಂಗಡಿ ಪೇಟೆಗೆ ಅಂಟಿಕೊಂಡಿರುವ ಲಾಯಿಲದಲ್ಲೂ, ಕರಾವಳಿಯ ಬೇರೆ ಊರುಗಳ ಹಾಗೆ, ಗಲ್ಫಿನಿಂದ ಬಂದವರ ಪೆಟ್ಟಿಗೆ ಬಿಚ್ಚುವುದೆಂದರೆ ಮನೆಮಂದಿಗೆಲ್ಲ ಸಡಗರ. ಅಬಾಯ, ಶಾಲು, ಅಕ್ಕನ ಮಗಳಿಗೊಂದು ಫ್ರಾಕು. ಬಜ್ಪೆ ವಿಮಾನ ನಿಲ್ದಾಣದ ಮಟ್ಟಿಗೆ ಇವೆಲ್ಲ ಬರೀ 'ಬ್ಯಾಗೇಜ್'. ವಿನಾಯಿತಿ ಮಿತಿಯೊಳಗಿದ್ದರೆ ಸುಂಕ ಇಲ್ಲ. ಮೀರಿದರೆ 9803 ಎಂಬ ಒಂದೇ ಶೀರ್ಷಿಕೆಯಡಿ ಒಂದೇ ದರ. ಆದರೆ ಅದೇ ಅಬಾಯ ಅಂಗಡಿಯ ಮಾರಾಟಕ್ಕೆಂದು ಕಂಟೇನರಿನಲ್ಲಿ ಬಂತೋ, ಅಧಿಕಾರಿ ಅದರ ಜಾತಕವನ್ನೇ ಕೇಳುತ್ತಾರೆ.

ಮೊದಲ ಪ್ರಶ್ನೆ ಗಂಡೋ ಹೆಣ್ಣೋ ಎಂದಲ್ಲ. ಹೆಣೆದದ್ದೋ ನೇಯ್ದದ್ದೋ ಎಂದು. ಟೀಶರ್ಟಿನ ಹಾಗೆ ಹೆಣೆದ ಬಟ್ಟೆಯಾದರೆ 61ನೇ ಅಧ್ಯಾಯ, ನೇಯ್ದದ್ದಾದರೆ 62. ನಮ್ಮ ಕಡೆ ಹೆಂಗಸರ ಯೂನಿಫಾರಂ ಆಗಿಬಿಟ್ಟಿರುವ ನೈಟಿಯನ್ನೇ ನೋಡಿ: ಹೊಸೈರಿ ಬಟ್ಟೆಯದ್ದು 6108, ಮಾಮೂಲಿ ಕಾಟನ್‌ನದ್ದು 6208.

ಆಮೇಲೆ ಲಿಂಗ. ಇಲ್ಲಿ ನಿಯಮ ಸ್ವಲ್ಪ ತಮಾಷೆಯಾಗಿದೆ. ಮುಂಭಾಗದಲ್ಲಿ ಎಡಪಟ್ಟಿ ಬಲಪಟ್ಟಿಯ ಮೇಲೆ ಬಂದರೆ ಗಂಡಸರದ್ದು, ಬಲಪಟ್ಟಿ ಎಡದ ಮೇಲೆ ಬಂದರೆ ಹೆಂಗಸರದ್ದು. ಕತ್ತರಿಸಿದ ರೀತಿಯೇ ಬೇರೆ ಹೇಳುವಂತಿದ್ದರೆ ಮಾತ್ರ ಇದಕ್ಕೆ ವಿನಾಯಿತಿ. ಯಾರದ್ದೆಂದು ಗೊತ್ತೇ ಆಗದಿದ್ದರೆ? ಹೆಂಗಸರ ಶೀರ್ಷಿಕೆಗೆ ಹಾಕಿ ಅನ್ನುತ್ತದೆ ಕಾನೂನು. ಇದು ದೆಹಲಿಯಲ್ಲಿ ಹುಟ್ಟಿದ್ದಲ್ಲ, 1988ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಪದ್ಧತಿಯದ್ದು. ಅಮೆರಿಕದಲ್ಲಿ ಗಂಡಸರ ಚರ್ಮದ ಕೈಗವಸಿಗೆ 14%, ಹೆಂಗಸರದ್ದಕ್ಕೆ 12.6% ಸುಂಕ ಯಾಕೆ, ಇದು ಲಿಂಗ ತಾರತಮ್ಯ ಅಂತ ಟೋಟ್ಸ್ ಐಸೊಟೋನರ್ ಕಂಪನಿ ಕೋರ್ಟಿಗೇ ಹೋಗಿತ್ತು. ಸೋತಿತು.

ಸೀರೆಗೆ ಈ ತಂಟೆಯೇ ಇಲ್ಲ. ಹೊಲಿಗೆ ಇಲ್ಲದ ಕಾರಣ ಕಸ್ಟಮ್ಸ್ ಕಣ್ಣಿಗೆ ಅದು ಉಡುಪೇ ಅಲ್ಲ, ಬರೀ ಬಟ್ಟೆ. ರೇಷ್ಮೆಯದ್ದಾದರೆ 50ನೇ ಅಧ್ಯಾಯ, ಹತ್ತಿಯದ್ದಾದರೆ 52.

ಇಷ್ಟು ಕೂದಲು ಸೀಳುವುದು ಯಾಕೆ ಅಂದರೆ, ದುಡ್ಡು. 2018ರಲ್ಲಿ ಕೇಂದ್ರ ಸರ್ಕಾರ ನೂರಾರು ಜವಳಿ ವಸ್ತುಗಳ ಮೂಲ ಸುಂಕವನ್ನು 10%ನಿಂದ 20%ಗೆ ಏರಿಸಿತು. ಉಡುಪುಗಳ ಹಲವು ಸಾಲುಗಳಲ್ಲಿ ಇನ್ನೊಂದು ಕೊಕ್ಕೆಯೂ ಇದೆ: 20% ಅಥವಾ ಪೀಸಿಗೆ ಇಷ್ಟು ರೂಪಾಯಿ, ಯಾವುದು ಜಾಸ್ತಿಯೋ ಅದು. ಆ ಮೊತ್ತ ₹100 ಅಂದುಕೊಳ್ಳಿ. ₹2,000ದ ಬ್ಲೌಸಿಗೆ 20% ಅಂದರೆ ₹400, ಕೊಕ್ಕೆ ತಾಗುವುದಿಲ್ಲ. ₹200ರದ್ದಕ್ಕೆ 20% ₹40 ಆಗಬೇಕಿತ್ತು, ಕಟ್ಟಬೇಕಾದ್ದು ₹100. ಅಂದರೆ ನಿಜವಾದ ದರ 50%. ಅಗ್ಗದ ಬಟ್ಟೆಯೇ ಹೆಚ್ಚು ತೆರಿಗೆ ಹೊರುತ್ತದೆ. ಹೀಗಿರುವಾಗ ಯಾವ ಶೀರ್ಷಿಕೆ ಅನ್ನುವುದು ಬರೀ ಗುಮಾಸ್ತರ ತಲೆನೋವಲ್ಲ. ಒಂದೇ ಅಂಕಿ ಬದಲಾದರೂ ಪೀಸಿನ ಲೆಕ್ಕ ಬದಲಾಗಬಹುದು.

ದೇಶದ ಹೊಲಿಗೆ ಕಾರ್ಮಿಕರನ್ನು ಕಾಪಾಡಲಿಕ್ಕೆ ಈ ಗೋಡೆ ಅನ್ನುತ್ತಾರೆ. ಸರಿ, ಆದರೆ ಸಾಫ್ಟಾ ಒಪ್ಪಂದದಡಿ ಬಾಂಗ್ಲಾದೇಶದ ಸಿದ್ಧ ಉಡುಪಿಗೆ 2011ರಿಂದ ಸುಂಕವೇ ಇಲ್ಲ. ಚೀನಾದ ಬಟ್ಟೆ ಢಾಕಾದಲ್ಲಿ ಹೊಲಿಗೆ ಹಾಕಿಸಿಕೊಂಡು ಇಲ್ಲಿಗೆ ಬರುತ್ತಿದೆ ಎಂಬುದು ನಮ್ಮ ಜವಳಿ ಉದ್ಯಮದ ಹಳೆಯ ದೂರು. 2025ರ ಮೇ 17ರಂದು ಸರ್ಕಾರ ಸುಂಕವನ್ನು ಮುಟ್ಟಲಿಲ್ಲ, ದಾರಿಯನ್ನು ಮುಚ್ಚಿತು: ಬಾಂಗ್ಲಾ ಉಡುಪು ಇನ್ನು ಭೂಗಡಿಯಿಂದ ಬರುವಂತಿಲ್ಲ, ನವ ಷೇವಾ ಮತ್ತು ಕೋಲ್ಕತ್ತಾ ಬಂದರುಗಳಲ್ಲಿ ಮಾತ್ರ ಇಳಿಯಬೇಕು. ನಮ್ಮ ಪಣಂಬೂರು ಆ ಪಟ್ಟಿಯಲ್ಲಿಲ್ಲ.